ಅಳದ ಕೂಸು

ಅವ್ವಾ,

ನನ್ನ ಮಗಳ ಕೂಸು, ನಿನ್ನ ಮರಿಮೊಮ್ಮಗಳು, ನಿನ್ನೆ ಹಸಿವೆಯಾಗಿ ಓಣಿಗೆಲ್ಲ ಕೇಳುವಂತೆ ಅತ್ತಳು. ಇದನ್ನು ನಿನಗಲ್ಲದೆ ಯಾರಿಗೆ ಹೇಳಲಿ?

ವಿಜಯಪುರದ ದವಾಖಾನೆಯಲ್ಲಿ ಹುಟ್ಟಿದಾಗ ಅವಳು ಬರೀ ಮಲಗಿರುತ್ತಿದ್ದಳು. ನೋಡಲು ಬಂದವರೆಲ್ಲ, "ಎಷ್ಟ ಶಾಣ್ಯಾ ಕೂಸವ್ವಾ, ಅಳೂದ ಇಲ್ಲ" ಅಂದರು. ನಾನೂ ಹಿಗ್ಗಿದೆ. ನರ್ಸ್ ಅವಳ ಹಿಮ್ಮಡಿಗೆ ಸೂಜಿ ಚುಚ್ಚಿ ಕಾಗದಕ್ಕೆ ರಕ್ತದ ಹನಿ ಒತ್ತಿಕೊಂಡಾಗ ಸಿಟ್ಟೇ ಬಂತು. ಆ ಹನಿ ಹೇಳಿತು, ಕೂಸಿಗೆ ಥೈರಾಯ್ಡ್ ಕಡಿಮೆ ಎಂದು. ಮತ್ತೊಮ್ಮೆ ಪರೀಕ್ಷಿಸಿದ ಡಾಕ್ಟರು, "ಅಳದ ಮಲಗೂದೂ ಇದರಿಂದನ, ಹಂಗ ಬಿಟ್ರ ಮಾತು, ಬೆಳವಣಿಗಿ ಕುಂದತಾವ. ಲಗೂ ಗೊತ್ತಾತು, ಚಲೋ ಆತ್ರಿ. ದಿನಾ ಒಂದ ಗುಳಿಗಿ ಎದಿಹಾಲಾಗ ಅರದ ಕುಡಸ್ರಿ, ಎಲ್ಲಾರ ಹಂಗ ಬೆಳಿತಾಳ" ಅಂದರು. ಇಷ್ಟೇ ಇಷ್ಟು ಗುಳಿಗೆ, ಅವ್ವಾ! ಅದರೊಳಗೆ ಒಂದಿಡೀ ಬಾಳು.

ಅಣ್ಣನೂ ಅಳದ ಕೂಸಾಗಿದ್ದನಂತೆ. ನಮ್ಮೂರು ಹೊನವಾಡದ ಮಂದಿ ಹೊಗಳಿ ಹೊಗಳಿ ದೃಷ್ಟಿಯಾದೀತೆಂದು ನೀನು ಅವನ ಅಂಗಾಲಿಗೆ ಕಾಡಿಗೆ ಬೊಟ್ಟು ಇಡುತ್ತಿದ್ದೆಯಂತೆ. ಆ ಬೊಟ್ಟಿಗೂ ಈ ಸೂಜಿಗೂ ಒಂದು ಬೆರಳಿನ ಅಂತರ.

ನಿನ್ನೆ ಅವಳ ಅಳು ಕೇಳಿ ಅಣ್ಣ ಚಪ್ಪಾಳೆ ತಟ್ಟಿ ನಕ್ಕ. ಐವತ್ತು ದಾಟಿದರೂ ಅವನಿಗೆ ಮಾತು ಬರಲಿಲ್ಲ, ನನ್ನ ಭುಜದೆತ್ತರಕ್ಕೂ ಬೆಳೆಯಲಿಲ್ಲ. ದಿನಾ ಬೆಳಗ್ಗೆ ಕೂಸಿನ ಗುಳಿಗೆ ಅರೆಯುವ ಚಮಚವನ್ನು ಈಗ ಅವನೇ ತೊಳೆದು ತರುತ್ತಾನೆ.