ಅತ್ತೆಯ ಪಾದದ ಪೆಡಲ್

ಬೈರೂತ್, ಗುರುವಾರ ಮಧ್ಯಾಹ್ನ

ವರ್ದೆ ಅತ್ತೆಯವರ ಬಲಗೈಗೆ ಮುತ್ತಿಟ್ಟು ಅಳಿಯ ಶುಕ್ರಿ ಬರೆದುಕೊಳ್ಳುವುದು,

ನೀವು ಹೋಗಿ ಇವತ್ತಿಗೆ ನಲವತ್ತನಾಲ್ಕು ದಿನ. ಕನ್ನಡಕದ ಅಂಗಡಿಯವನಾದ ನಾನು ಇಷ್ಟು ವರ್ಷ ಬರೆದದ್ದೆಲ್ಲ ಬೇರೆಯವರ ಕಣ್ಣಿನ ನಂಬರುಗಳನ್ನು. ಕಾಗದ ಬರೆಯುವ ಅಭ್ಯಾಸವಿಲ್ಲ. ಆದರೂ ಅಂಗಡಿಗೆ ಅರ್ಧ ದಿನ ರಜೆ ಹಾಕಿ ನಿಮ್ಮ ಕೋಣೆಯಲ್ಲಿ, ನಿಮ್ಮ ಕುರ್ಚಿಯ ಎದುರು ಕೂತಿದ್ದೇನೆ. ಅದರಲ್ಲೇ ಕೂರುವ ಧೈರ್ಯ ಇನ್ನೂ ಬಂದಿಲ್ಲ. ಈ ಮನುಷ್ಯನಿಗೆ ಒಟ್ಟು ಎಷ್ಟು ಗಿಟಾರ್ ಬೇಕು ಎಂದು ನಮ್ಮ ಮನೆಯಲ್ಲಿದ್ದ ಆರು ವರ್ಷವೂ ಕೇಳುತ್ತಿದ್ದಿರಲ್ಲ, ಅದು ನಿನ್ನೆ ತೀರ್ಮಾನವಾಯಿತು. ತೀರ್ಮಾನವಾಗುವ ಮುಂಚೆ ನಾವಿಬ್ಬರೂ ಎರಡು ವರ್ಷ ನಿಮ್ಮ ಮಗಳು ನುಹಾಳಿಂದ ಮುಚ್ಚಿಟ್ಟ ಸಂಗತಿಯನ್ನು ನಾನು ಅವಳಿಗೆ ಹೇಳಬೇಕಾಯಿತು. ನಿಮ್ಮನ್ನು ಕೇಳದೆ ಹೇಳಿದ್ದಕ್ಕೆ ಕ್ಷಮಿಸಿ.

ನಮ್ಮದು ಎರಡೇ ಕೋಣೆಯ ಮನೆ. ಮಗಳ ಮನೆಗೆಂದು ನೀವು ಬಂದಾಗ ನಿಮಗೆ ಕೊಡಲು ಇದ್ದದ್ದು ನನ್ನ ಗಿಟಾರುಗಳ ಕೋಣೆಯೇ. ಗೋಡೆಯ ಮೇಲೆ ಏಳು ಗಿಟಾರ್, ನೆಲದಲ್ಲಿ ಹಲಗೆಗೆ ಬಿಗಿದ, ದನಿ ಬದಲಿಸಲು ಕಾಲಲ್ಲಿ ತುಳಿಯುವ ಹನ್ನೊಂದು ಪೆಡಲ್. ಮಂಚದ ಮೇಲೆ ಕೂತವರೇ ಬೆರಳು ಮಡಚಿ ಎಣಿಸಿದಿರಿ. "ನುಹಾ, ನಿನ್ನ ಮದುವೆ ಆಗೋಕೆ ಮುಂಚೆ ಇವನು ಇನ್ನೆಷ್ಟು ಜನರನ್ನ ನೋಡಿ ಬಂದಿದ್ದನೇ?" ಎಂದಿರಿ. ನಾನು ಶ್ರದ್ಧೆಯಿಂದ ಸಮಜಾಯಿಷಿ ಕೊಟ್ಟೆ. ಕೆಂಪು ಗಿಟಾರಿನ ದನಿ ಬೇರೆ ಯಾವುದಕ್ಕೂ ಬರುವುದಿಲ್ಲ. ಹನ್ನೆರಡು ತಂತಿಯದು ಇಬ್ಬರು ಬಾರಿಸಿದಂತೆ ಕೇಳುತ್ತದೆ. ಇದಕ್ಕೆ ನಮ್ಮ ಹಾಡುಗಳಲ್ಲಿ ಬರುವ, ಅರ್ಧ ಸ್ವರಕ್ಕಿಂತಲೂ ಚಿಕ್ಕದಾದ ಕಾಲು ಸ್ವರ ಹಿಡಿಯಲೆಂದು ಹೆಚ್ಚುವರಿ ಪಟ್ಟಿ ಕೂರಿಸಿದ್ದೇನೆ. ಈ ಪೆಡಲ್ ತುಳಿದರೆ ಗುಹೆಯೊಳಗಿಂದ ಬಾರಿಸಿದ ಹಾಗಿರುತ್ತದೆ. "ಗುಹೆಗೇ ಹೋಗಿ ಬಾರಿಸಿದ್ರೆ ಆಗಲ್ವಾ?" ಎಂದು ಕೇಳಿದಿರಿ. ನುಹಾ ನಕ್ಕು ನಕ್ಕು ಗೋಡೆಗೆ ಒರಗಿದಳು.

ಈ ತಮಾಷೆಗಳನ್ನು ಕಿವಿಯ ಮೇಲೆ ಹಾಕಿಕೊಳ್ಳದೆ ಇರಬಲ್ಲೆ. ನನಗೆ ನಾಟಿದ್ದು ಒಂದು ವರ್ಷದ ನಂತರ ನೀವು ಜಪಮಾಲೆ ಎಣಿಸುತ್ತಾ ತಲೆಯೆತ್ತದೆ ಹೇಳಿದ್ದು. "ಶುಕ್ರಿ, ನೀನು ಊಟಕ್ಕೆ ಕೂರೋದೇ ಇಲ್ಲ ಕಣಪ್ಪಾ. ಒಲೆ ಮುಂದೆ ನಿಂತು ಬರೀ ಉಪ್ಪು ನೋಡ್ತಾನೇ ಇರ್ತೀಯ." ಅಂದು ಇಡೀ ದಿನ ಸಿಟ್ಟಿನಲ್ಲಿದ್ದೆ. ಮೂವತ್ತು ವರ್ಷ ಗಿಟಾರ್ ಹಿಡಿದವನಿಗೆ ಒಂದೇ ಒಂದು ಹಾಡು ಮೊದಲಿಂದ ಕೊನೆಯವರೆಗೆ ಬರುವುದಿಲ್ಲ ಎಂಬುದನ್ನು ನೀವು ಪಕ್ಕದಲ್ಲಿ ಮಲಗಿಯೇ ಕಂಡುಹಿಡಿದಿದ್ದಿರಿ. ಎರಡು ಸಾಲು ಬಾರಿಸುವುದು, ದನಿ ಸರಿಯಿಲ್ಲವೆಂದು ಗುಂಡಿ ತಿರುಗಿಸುವುದು, ಇನ್ನೊಂದು ಗಿಟಾರ್ ಇಳಿಸುವುದು, ಮತ್ತೆ ಅದೇ ಎರಡು ಸಾಲು. ಎಂಟನೆಯ ಗಿಟಾರ್ ಬಂದರೆ ಮೂರನೆಯ ಸಾಲು ತಾನಾಗಿ ಬರುತ್ತದೆ ಎಂದು ನಾನು ನಿಜವಾಗಿ ನಂಬಿದ್ದೆ.

ಅಷ್ಟರಲ್ಲಿ ನಿಮ್ಮ ಶ್ವಾಸಕೋಶ ಕೈಕೊಟ್ಟಿತು. ಮಂಚದ ಪಕ್ಕಕ್ಕೆ ಆಮ್ಲಜನಕದ ಯಂತ್ರ ಬಂತು, ಮೂಗಿಗೆ ನಳಿಕೆ ಬಂತು. ಸರ್ಕಾರದ ಕರೆಂಟ್ ಬಂದಾಗ ಬಂತು, ಉಳಿದ ಹೊತ್ತಿಗೆಲ್ಲ ದುಡ್ಡಿಗೆ ಬೀದಿಯ ಮನೆಗಳಿಗೆ ಕರೆಂಟ್ ಕೊಡುವ ಅಬು ಈಲಿಯ ಜನರೇಟರ್. ನಮ್ಮ ಪಾಲಿಗೆ ಐದು ಆಂಪಿಯರ್, ಅದರ ಮೇಲೆ ಒಂದು ಚೂರು ಎಳೆದರೂ ಕೆಳಗೆ ಬೀದಿಯ ಪೆಟ್ಟಿಗೆಯಲ್ಲಿ ಬ್ರೇಕರ್ ಬಿದ್ದು ಮನೆಯೆಲ್ಲ ಕತ್ತಲೆ. ಹಾಗಾಗಿ ಯಾರು ಏನು ಹಾಕುವುದಿದ್ದರೂ ಕೂಗಿ ಹೇಳಿಯೇ ಹಾಕಬೇಕೆಂಬುದು ನಮ್ಮ ಮನೆಯ ಕಾನೂನಾಯಿತು. "ಇಸ್ತ್ರಿ ಹಾಕ್ತೀನೀ!" "ತಾಳೇ, ಫ್ರಿಜ್ ಆಫ್ ಮಾಡ್ತೀನಿ!" "ಆಯ್ತಾ?" "ಆಯ್ತು, ಹಾಕು!" ನೀವು ಹಾಸಿಗೆಯಿಂದಲೇ ನ್ಯಾಯ ಹೇಳುತ್ತಿದ್ದಿರಿ, ಇವತ್ತು ಇಸ್ತ್ರಿ ಬೇಡ, ಅವಳ ಲಂಗ ನಿನ್ನೆಯದೇ ಚೆನ್ನಾಗಿದೆ ಎಂದು.

ಹಿಂದಿನದರ ಹಿಂದಿನ ಚಳಿಗಾಲ, ಜನವರಿಯ ಒಂದು ಮಂಗಳವಾರ. ನುಹಾ ಪಾಠ ಹೇಳಲು ಶಾಲೆಗೆ ಹೋಗಿದ್ದಳು. ಕರೆಂಟ್ ಹೋದರೆ ಇರಲಿ ಎಂದು ಇಟ್ಟಿದ್ದ ಆಮ್ಲಜನಕದ ಸಿಲಿಂಡರ್ ಖಾಲಿಯಾಗಿ ತುಂಬಿಸಲು ಹೋಗಿತ್ತು. ಚಳಿಯೆಂದು ನಿಮ್ಮ ಕಾಲ ಬಳಿ ಹೀಟರ್ ಇಟ್ಟಿದ್ದೆ. ಬೆಳಿಗ್ಗೆಯಷ್ಟೇ ನನ್ನ ಹನ್ನೆರಡನೆಯ ಪೆಡಲ್ ಕೈಗೆ ಬಂದಿತ್ತು, ಅದರ ದನಿ ನೋಡಬೇಕಾದರೆ ದೊಡ್ಡ ಆಂಪ್ಲಿಫಯರೇ ಆಗಬೇಕು. ನಿಮಗೆ ಜೊಂಪು ಹತ್ತಿತ್ತು. ನಿದ್ದೆ ಕೆಡಿಸಬಾರದೆಂದು ಕೂಗಲಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಸುಳ್ಳು, ಅತ್ತೆ. ಕೂಗಿದ್ದರೆ ನೀವು ಬೇಡ ಎನ್ನುತ್ತಿದ್ದಿರಿ.

ಸ್ವಿಚ್ ಒತ್ತಿದೆ. ಬ್ರೇಕರ್ ಬಿತ್ತು. ಹೀಟರ್ ಆರಿತು, ಯಂತ್ರ ಕಿರುಚಿಕೊಂಡು ನಿಂತಿತು. ಆಂಪ್ಲಿಫಯರಿನ ವೈರ್ ಕಿತ್ತೆಸೆದು ಓಡಿದೆ. ಐದು ಮಹಡಿ ಮೆಟ್ಟಿಲು, ಬೀದಿ, ಎದುರಿನ ಗೋಡೆಯ ಪೆಟ್ಟಿಗೆಗೆ ಬೀಗ. ಅಬು ಈಲಿ ಅಂಗಡಿಯ ಮುಂದೆ ಪಗಡೆ ಆಡುತ್ತಾ ಕೂತಿದ್ದ. ಬೀಗದ ಕೈಗೆಂದು ಅವನು ಒಂದೊಂದೇ ಜೇಬು ತಡಕಿದ್ದನ್ನು ನಾನು ಈಗಲೂ ಕನಸಿನಲ್ಲಿ ನೋಡುತ್ತೇನೆ. ಬ್ರೇಕರ್ ಎತ್ತಿ ಮತ್ತೆ ಐದು ಮಹಡಿ ಹತ್ತಿ ಬಂದಾಗ ನಿಮ್ಮ ತುಟಿ ನೀಲಿಗಟ್ಟಿತ್ತು. ಒಂದು ಕೈ ಎದೆಯ ಮೇಲೆ, ಕಣ್ಣು ಬಾಗಿಲ ಮೇಲೆ. ಯಂತ್ರ ಗುಂಯ್ ಎನ್ನುತ್ತಿತ್ತು. ನಾನು ನೆಲಕ್ಕೆ ಕುಸಿದು ನಿಮ್ಮ ಪಾದ ಹಿಡಿದುಕೊಂಡು ಅತ್ತುಬಿಟ್ಟೆ. ಎಷ್ಟೋ ಹೊತ್ತಿನ ಮೇಲೆ ನಿಮ್ಮ ಬಾಯಿಂದ ಮೊದಲ ಮಾತು ಬಂತು. "ಮೆಟ್ಟಿಲ ಮೇಲೆ ಬೀಳ್ಲಿಲ್ಲ ತಾನೆ?"

ನುಹಾ ಬಂದು ನನ್ನ ಕಣ್ಣು ನೋಡಿ ಏನಾಯಿತೆಂದು ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ನೀವು, "ಮುಜದ್ದರ ತಿನ್ಬೇಕು ಅನ್ನಿಸ್ತು. ನಿನ್ನ ಗಂಡನ ಕೈಲಿ ಈರುಳ್ಳಿ ಹೆಚ್ಚಿಸ್ತಿದ್ದೀನಿ" ಎಂದಿರಿ. ಮನೆಯಲ್ಲಿ ಒಂದು ಈರುಳ್ಳಿಯೂ ಹೆಚ್ಚಿರಲಿಲ್ಲ. ಅಡುಗೆಮನೆಗೆ ಹೋಗಿ ಆರು ಈರುಳ್ಳಿ ಹೆಚ್ಚಿದೆ. ಆ ಸಂಜೆ ಬೇಳೆ ಅನ್ನದ ಮೇಲೆ ಹುರಿದ ಈರುಳ್ಳಿ ಉದುರಿಸಿ ನುಹಾ ಬಡಿಸಿದಾಗ ನೀವು ನನ್ನ ತಟ್ಟೆಗೆ ಇನ್ನಷ್ಟು ಹಾಕಿಸಿದಿರಿ. "ತಿನ್ನು, ನನ್ನ ಮಣ್ಣು ಮಾಡೋನೇ." ನಮ್ಮ ಕಡೆ ತಾಯಂದಿರು ದಿನಕ್ಕೆ ಹತ್ತು ಸಲ ಮಕ್ಕಳಿಗೆ ಹೇಳುವ ಮುದ್ದಿನ ಮಾತು, ನಿನ್ನ ಸಾವು ನಾನು ನೋಡದಿರಲಿ ಎಂಬ ಅರ್ಥದ್ದು. ಆವತ್ತು ತಟ್ಟೆಯ ಈರುಳ್ಳಿಯನ್ನು ಅಂಚಿಗೆ ಸರಿಸುತ್ತಾ ಕೂತೆ.

ಒಂದು ತಿಂಗಳೊಳಗೆ ಆರು ಗಿಟಾರ್, ಆಂಪ್ಲಿಫಯರ್, ಹನ್ನೊಂದು ಪೆಡಲ್ ಮನೆಯಿಂದ ಹೋದವು. ಆ ದುಡ್ಡಿನಲ್ಲಿ ತಾರಸಿಗೆ ಸೋಲಾರ್, ಹಜಾರಕ್ಕೆ ಬ್ಯಾಟರಿ ಬಂದವು. ಯಂತ್ರ ಮತ್ತೆಂದೂ ನಿಲ್ಲಲಿಲ್ಲ. ಉಳಿದದ್ದು ಯಾರೂ ಮೂಸದ ಒಂದು ಕಂದು ಗಿಟಾರ್, ಸೆಲ್ ಹಾಕಿ ನಡೆಸುವ ಪುಟ್ಟ ಸ್ಪೀಕರ್, ಕಿರ್ರೆನ್ನುತ್ತದೆ ಎಂದು ಕೊಳ್ಳಲು ಬಂದವನು ಬಿಟ್ಟುಹೋದ ಒಂದು ವಾ ಪೆಡಲ್. ನನಗೆ ಇಷ್ಟೊಂದು ಬೇಕಿರಲಿಲ್ಲ ಬಿಡು ಎಂದು ನುಹಾಳಿಗೆ ಹೇಳಿದೆ. ಅವಳು ನನ್ನನ್ನು ಅಪ್ಪಿಕೊಂಡು ಅತ್ತಳು. ಆಮೇಲೆ ಬಂದವರಿಗೆಲ್ಲ ಹೇಳತೊಡಗಿದಳು, ನನ್ನ ಗಂಡ ನನ್ನ ತಾಯಿಗಾಗಿ ತನ್ನ ಗಿಟಾರುಗಳನ್ನೆಲ್ಲ ಮಾರಿದ ಎಂದು. ಅವಳು ಹೇಳುವಾಗಲೆಲ್ಲ ನೀವು ನನ್ನತ್ತ ಒಮ್ಮೆ ನೋಡಿ ಜಪಮಾಲೆಗೆ ಮರಳುತ್ತಿದ್ದಿರಿ.

ಆ ವಾ ಪೆಡಲಿನ ಕಥೆ ನಿಮಗೇ ಗೊತ್ತು. ಕಾಲು ಬಾತಿದೆ, ಪಾದ ಹಿಂದೆ ಮುಂದೆ ಆಡಿಸುತ್ತಿರಬೇಕೆಂದು ಡಾಕ್ಟರು ಹೇಳಿದರೆ ನೀವು ಜಪ್ಪಯ್ಯ ಅನ್ನಲಿಲ್ಲ. ಒಂದು ಸಂಜೆ ತಮಾಷೆಗೆ ಅದನ್ನು ನಿಮ್ಮ ಕಾಲ ಕೆಳಗೆ ಇಟ್ಟೆ. ಮುಂದಕ್ಕೆ ಒತ್ತಿದರೆ ತಂತಿಯ ದನಿ ಬಾಯಿ ತೆರೆಯುತ್ತದೆ, ಹಿಂದಕ್ಕೆ ಒತ್ತಿದರೆ ಮುಚ್ಚುತ್ತದೆ. "ಇದೇನು, ಹೊಲಿಗೆ ಮಿಷನ್ನಾ?" ಎಂದವರೇ ತುಳಿಯತೊಡಗಿದಿರಿ. ನಲವತ್ತು ವರ್ಷ ಶಾಲೆಯ ಸಮವಸ್ತ್ರ, ಮದುವೆಯ ಗೌನು ಹೊಲಿದ ಪಾದ ಅದು. ಲಯ ತಪ್ಪಿದ್ದು ನನ್ನದೇ, ನಿಮ್ಮದಲ್ಲ. ಎರಡು ಸಾಲು ಬಾರಿಸಿ ನಿಲ್ಲಿಸಿದೆ. "ಮುಂದೆ?" ಎಂದಿರಿ. ಬರುವುದಿಲ್ಲ ಎಂದೆ. "ತೋಳು ಒಂದೇ ಹೊಲಿದು ಗಿರಾಕಿಗೆ ಕೊಡೋಕಾಗುತ್ತೇನೋ? ಕಲಿ."

ಕಲಿತೆ. ಐವತ್ತೆರಡನೆಯ ವಯಸ್ಸಿನಲ್ಲಿ, ನಿಮ್ಮ ಊರಿನ ದ್ರಾಕ್ಷಿ ಕೊಯ್ಲಿನ ಹಾಡನ್ನು, ನೀವು ಉಸಿರು ಸಿಕ್ಕಷ್ಟು ಗುನುಗಿ ತೋರಿಸಿದಂತೆ. ಕಾಲು ಸ್ವರದ ಗಿಟಾರ್ ಮಾರಿಬಿಟ್ಟಿದ್ದೆನಲ್ಲ, ಆ ಒಂದು ಸ್ವರಕ್ಕೆ ತಂತಿಯನ್ನೇ ಎಳೆದು ಹೊಂದಿಸಬೇಕಾಗುತ್ತಿತ್ತು. ಸರಿಯಾಗಿ ಸಿಕ್ಕಾಗ ನಿಮ್ಮ ಪಾದ ಅಲ್ಲೇ ಒಂದು ಗಳಿಗೆ ನಿಲ್ಲುತ್ತಿತ್ತು. ಶಬಾಷ್ ಎಂದು ಒಮ್ಮೆಯೂ ಹೇಳಲಿಲ್ಲ ನೀವು, ಪಾದ ನಿಂತರೆ ಸಾಕಿತ್ತು. ಎರಡು ವರ್ಷ ಪ್ರತಿ ಸಂಜೆ ಇಪ್ಪತ್ತು ಸಲ ತುಳಿತ, ಒಂದು ಪೂರ್ತಿ ಹಾಡು. ನನ್ನ ಜೀವನದಲ್ಲಿ ಸಂಗೀತ ಅಂತ ಏನಾದರೂ ಇದ್ದರೆ ಅಷ್ಟೇ.

ನೀವು ಹೋದದ್ದು ನಿದ್ದೆಯಲ್ಲಿ, ಯಂತ್ರ ಓಡುತ್ತಿರುವಾಗಲೇ. ಆ ಜನವರಿಯೇ ಕಾರಣವೇ ಎಂದು ಡಾಕ್ಟರನ್ನು ಪಕ್ಕಕ್ಕೆ ಕರೆದು ಕೇಳಿದೆ. ಅಲ್ಲ ಎಂದರು. ಎರಡನೆಯ ಸಲ ಕೇಳಿದಾಗ ಬೈದರು.

ಕಳೆದ ಭಾನುವಾರ ನಿಮ್ಮ ನಲವತ್ತನೆಯ ದಿನದ ಪ್ರಾರ್ಥನೆ. ಇಗರ್ಜಿಯ ಅಂಗಳದಲ್ಲಿ ಕಹಿ ಕಾಫಿ ಹಿಡಿದು ಜನ ನನ್ನ ಬೆನ್ನು ತಟ್ಟಿದರು. "ಅಳಿಯ ಅಂದ್ರೆ ಶುಕ್ರಿ ಥರ ಇರ್ಬೇಕು" ಎಂದು ನಿಮ್ಮ ನಾದಿನಿ ತಮ್ಮ ಅಳಿಯನ ಎದುರಲ್ಲೇ ಹೇಳಿದರು. ಪಾಪ, ಅವನು ಕಪ್ಪಿನೊಳಗೆ ನೋಡುತ್ತಾ ನಿಂತ. ಮನೆಗೆ ಬಂದ ಮೇಲೆ ನುಹಾ ನಿಮ್ಮ ಎರಡು ಚಿನ್ನದ ಬಳೆ ತಂದು ಮೇಜಿನ ಮೇಲಿಟ್ಟಳು.

"ಅಮ್ಮ ಹೇಳಿ ಹೋಗಿದ್ದಾಳೆ. ಇದನ್ನ ಮಾರಿ ನಿನ್ನ ಕೆಂಪು ಗಿಟಾರ್ ವಾಪಸ್ ತರ್ಬೇಕಂತೆ. ತಗೊಂಡವರ ಹತ್ರ ಮಾತಾಡಿದ್ದೀನಿ, ಕೊಡ್ತಾರಂತೆ."

ಅತ್ತೆ, ಯಾಕೆ ಹಾಗೆ ಮಾಡಿದಿರಿ? ಕ್ಷಮಿಸಿದ್ದೇನೆ ಎನ್ನುವುದಕ್ಕೋ? ಇಲ್ಲ, ಆ ಬಳೆ ಮುಟ್ಟುವ ಮೊದಲು ಇವನು ಬಾಯಿ ಬಿಟ್ಟೇ ಬಿಡುತ್ತಾನೆ ಎಂದು ಲೆಕ್ಕ ಹಾಕಿದ್ದಿರೋ? ನಿಮ್ಮನ್ನು ಬಲ್ಲ ನನಗೆ ಎರಡೂ ಇರಬಹುದೆನಿಸುತ್ತದೆ. ಆ ಕೆಂಪು ಗಿಟಾರ್ ನನಗೆ ಎಷ್ಟು ಬೇಕಾಗಿತ್ತೆಂದು ಹೇಳಲು ನಾಚಿಕೆಯಾಗುತ್ತದೆ. ಸುಮ್ಮನಿದ್ದಿದ್ದರೆ ಸಾಕಿತ್ತು, ಈ ವಾರದೊಳಗೆ ಗೋಡೆಯ ಮೇಲೆ ಇರುತ್ತಿತ್ತು. ಬಳೆಗಳನ್ನು ಅವಳತ್ತ ಸರಿಸಿ ಎಲ್ಲ ಹೇಳಿದೆ. ಕೂಗದೆ ಹಾಕಿದ್ದು, ಬ್ರೇಕರ್, ನೀಲಿ ತುಟಿ, ಈರುಳ್ಳಿ. ನೀವು ಆಡಿದ ಮೊದಲ ಮಾತನ್ನು ಮಾತ್ರ ಹೇಳಲಿಲ್ಲ. ಅದನ್ನು ಹೇಳಿದರೆ ನನ್ನ ಪರವಾಗಿ ಸಾಕ್ಷಿ ತಂದಂತಾಗುತ್ತಿತ್ತು.

ಅವಳು ಕೇಳಿದ್ದು ಒಂದೇ. "ಎಷ್ಟು ನಿಮಿಷ?"

"ನಾಲ್ಕು."

"ಯಾರು ನೋಡಿದ್ರು ಗಡಿಯಾರ?"

ಯಾರೂ ನೋಡಿರಲಿಲ್ಲ. ಎರಡು ವರ್ಷದಿಂದ ನಾನೇ ನನಗೆ ನಾಲ್ಕು ನಾಲ್ಕು ಎಂದು ಹೇಳಿಕೊಂಡು ಬಂದಿದ್ದೆ. ಅವಳು ಎದ್ದು ನಿಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಸೋಮವಾರ ಮಾತಿಲ್ಲ. ಮಂಗಳವಾರವೂ ಇಲ್ಲ. ಹೊತ್ತಿಗೆ ಸರಿಯಾಗಿ ತಟ್ಟೆ ಇಡುತ್ತಿದ್ದಳು, ಎದುರು ಕೂರುತ್ತಿರಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ನಿನ್ನೆ ಮಧ್ಯಾಹ್ನ ಶಾಲೆಯಿಂದ ಬಂದವಳು ಚೀಲ ಕೆಳಗಿಟ್ಟು ನಿಮ್ಮ ಕುರ್ಚಿಯಲ್ಲಿ ಕೂತಳು. ನಿಮ್ಮ ಕೈಗಡಿಯಾರ ಅವಳ ಅಂಗೈಯಲ್ಲಿತ್ತು. "ಹೋಗು," ಎಂದಳು. "ಕೆಳಗೆ ಹೋಗಿ ಪೆಟ್ಟಿಗೆ ತೆಗೆಸಿ ಬಾ. ಆವತ್ತಿನ ಥರಾನೇ."

ಓಡಿದೆ. ಅಬು ಈಲಿ ಅದೇ ಪಗಡೆ ಹಲಗೆಯ ಮುಂದೆ ಕೂತಿದ್ದ. "ಏನಯ್ಯಾ ಶುಕ್ರಿ, ಕರೆಂಟ್ ಇದೆಯಲ್ಲೋ!" "ಇರ್ಲಿ, ನೀನು ಪೆಟ್ಟಿಗೆ ತೆಗಿ ಮಾರಾಯಾ." ಮತ್ತೆ ಜೇಬು ತಡಕಿದ, ಮೂರು ಜೇಬು. ಬೀಗ ತೆಗೆದ. ನಮ್ಮ ಬ್ರೇಕರ್ ಮುಟ್ಟಿ, ಅವನು ಏನೋ ಕೂಗುತ್ತಿದ್ದಂತೆ ತಿರುಗಿ ಓಡಿದೆ. ಮೂರನೆಯ ಮಹಡಿಯಲ್ಲಿ ಎಡವಿ ಗೋಡೆ ಹಿಡಿದು ನಿಂತೆ. ಮತ್ತೆ ಹತ್ತಿದೆ.

ನುಹಾ ಕೂತಲ್ಲೇ ಕೂತಿದ್ದಳು. ಅವಳ ಕಣ್ಣು ಬಾಗಿಲ ಮೇಲಿತ್ತು, ನಿಮ್ಮದು ಇದ್ದ ಹಾಗೆಯೇ. "ಏಳು ನಿಮಿಷ," ಎಂದಳು. "ನಾಲ್ಕಲ್ಲ, ಏಳು." ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದೆ. ಅವಳು ನನ್ನ ಮೊಣಕಾಲು ನೋಡಿದಳು, ಗೋಡೆಯ ಸುಣ್ಣ ಮೆತ್ತಿದ ಅಂಗೈ ನೋಡಿದಳು. ಗಡಿಯಾರವನ್ನು ಮಡಿಲಲ್ಲಿ ಇಟ್ಟುಕೊಂಡಳು.

"ಬೀಳ್ಲಿಲ್ಲ ತಾನೆ?" ಎಂದಳು.

ಆ ಮಾತು ನಾನು ಅವಳಿಗೆ ಹೇಳಿರಲಿಲ್ಲ, ಅತ್ತೆ. ಯಾರಿಗೂ ಹೇಳಿರಲಿಲ್ಲ.

ಎಷ್ಟೋ ಹೊತ್ತು ಇಬ್ಬರೂ ಅತ್ತೆವು, ಅವಳು ಕುರ್ಚಿಯಲ್ಲಿ, ನಾನು ನೆಲದ ಮೇಲೆ. ಸಿಟ್ಟು ಹೋಗಿಲ್ಲ ಅಂತ ಅವಳೇ ಹೇಳಿದಳು, ಹೋಗಲು ಎಷ್ಟು ದಿನ ಬೇಕೋ ಗೊತ್ತಿಲ್ಲ ಎಂದಳು. ಆಗಲಿ ಎಂದೆ. ಬಳೆಗಳು ಈಗ ಅವಳ ಕೈಯಲ್ಲಿವೆ, ಇಂದು ಶಾಲೆಗೂ ಹಾಕಿಕೊಂಡು ಹೋಗಿದ್ದಾಳೆ. ಕೆಂಪು ಗಿಟಾರ್ ಕೊಂಡವರ ಹತ್ತಿರವೇ ಇರಲಿ. ನನಗೆ ಒಂದು ಗಿಟಾರ್ ಸಾಕು, ಈ ಕಂದು ಬಣ್ಣದ್ದು. ಪೆಡಲೂ ಒಂದು ಸಾಕು, ಅದು ನಿಮ್ಮ ಕುರ್ಚಿಯ ಮುಂದೆ ನೀವು ಇಟ್ಟ ಕಡೆಯೇ ಇದೆ. ಅದರ ರಬ್ಬರು ನಿಮ್ಮ ಹಿಮ್ಮಡಿ ಊರುತ್ತಿದ್ದ ಜಾಗದಲ್ಲಿ ಸವೆದಿದೆ. ನಾನು ಅದನ್ನು ತುಳಿಯುವುದಿಲ್ಲ. ಸಂಜೆ ಅದನ್ನು ಮುಟ್ಟದೆ ನಿಮ್ಮೂರಿನ ಹಾಡನ್ನು ಕೊನೆಯ ಸಾಲಿನವರೆಗೆ ಬಾರಿಸುತ್ತೇನೆ. ಎಂದಾದರೂ ನುಹಾ ಬಂದು ಅದರ ಮೇಲೆ ಕಾಲಿಟ್ಟರೆ ಇಡಲಿ, ನಾನು ಕರೆಯುವುದಿಲ್ಲ.

ಅಲ್ಲಿ ನಿಮಗೆ ಉಸಿರು ಸಲೀಸಾಗಿ ಸಿಗಲಿ, ನಳಿಕೆ ಇಲ್ಲದೆ, ಯಂತ್ರ ಇಲ್ಲದೆ, ಯಾರನ್ನೂ ಕೂಗಿ ಕೇಳಬೇಕಾಗದೆ.

ನಿಮ್ಮನ್ನು ಮಣ್ಣು ಮಾಡಿ ಬಂದ ನಿಮ್ಮ ಮಗ,
ಶುಕ್ರಿ