ಸಂಘಕ್ಕೆ ಕಳಿಸಿದ ಕಡತ

ಅಕ್ಕ,

ಹನ್ನೊಂದು ವರ್ಷಗಳ ಮೇಲೆ ನಿಮಗೆ ಬರೆಯುತ್ತಿದ್ದೇನೆ. ಕ್ಷೇಮ ಸಮಾಚಾರದಿಂದ ಶುರುಮಾಡಿದರೆ ಇದು ಬೇರೆಯೇ ಪತ್ರವಾಗಿಬಿಡುವ ಭಯ. ಆದ್ದರಿಂದ ಸುದ್ದಿಯನ್ನೇ ಮೊದಲು ಹೇಳುತ್ತೇನೆ. ನಮ್ಮ ಪ್ರಸಾರಾಂಗಕ್ಕೆ ವಿಶ್ವವಿದ್ಯಾಲಯ ಪ್ರಕಾಶಕರ ಸಂಘದ ಸದಸ್ಯತ್ವ ಸಿಕ್ಕಿದೆ. ಸಿಗದೆ ಹೋಗಿದ್ದರೆ ನಮ್ಮನ್ನು ಮುದ್ರಣ ವಿಭಾಗಕ್ಕೆ ಸೇರಿಸಿ, ಪ್ರವೇಶದ ಅರ್ಜಿ, ಉತ್ತರಪತ್ರಿಕೆ ಅಚ್ಚುಹಾಕಲು ಕೂರಿಸುವುದೆಂದು ಕುಲಪತಿಗಳು ಹೇಳಿಯಾಗಿತ್ತು. ಹೊರಗಿನವರು ಯಾರಾದರೂ ನಿಮ್ಮನ್ನು ಪ್ರಕಾಶಕರೆಂದು ಒಪ್ಪಲಿ, ಆಮೇಲೆ ನೋಡೋಣ ಎಂದು ಆರು ತಿಂಗಳ ಗಡುವು ಕೊಟ್ಟಿದ್ದರು.

ಅರ್ಜಿ ಇಪ್ಪತ್ತೆರಡು ಪುಟ. ವರ್ಷಕ್ಕೆ ಎಷ್ಟು ಪುಸ್ತಕ, ಸಂಪಾದಕ ಮಂಡಳಿಯಲ್ಲಿ ಯಾರ್ಯಾರು, ಹಸ್ತಪ್ರತಿಗಳನ್ನು ಹೊರಗಿನ ತಜ್ಞರಿಗೆ ಓದಿಸುತ್ತೀರಾ, ಇಂಥವಕ್ಕೆಲ್ಲ ನಮ್ಮಲ್ಲಿ ಉತ್ತರವಿತ್ತು. ಹದಿನೇಳನೆಯ ಪ್ರಶ್ನೆಗೆ ಬಂದು ನಿಂತೆವು. ನಿಮ್ಮ ಸಂಸ್ಥೆಯವರೇ ಹಸ್ತಪ್ರತಿ ಕೊಟ್ಟಾಗ ಹೇಗೆ ನಿರ್ಧರಿಸುತ್ತೀರಿ? ಅಂಥ ಒಂದು ಕಡತವನ್ನು ಪೂರ್ತಿಯಾಗಿ ಲಗತ್ತಿಸಿ.

ಹುಡುಕಿದೆವು. ಹೊರಗಿನವರ ಪುಸ್ತಕಗಳಿಗೆ ಕಾಗದಪತ್ರ ಸರಿಯಾಗಿಯೇ ಇತ್ತು. ಒಳಗಿನವರ ವಿಷಯ ಮಾತ್ರ, ನಾನು ನಿಮ್ಮ ಸಂಪಾದಕರ ಕುರ್ಚಿಗೆ ಬಂದ ಮೇಲೆ, ಮೆಟ್ಟಿಲ ಮೇಲೆ ನಿಂತು ಹೂಂ ಅನ್ನುವುದರಲ್ಲಿ ಮುಗಿದುಹೋಗಿತ್ತು. ನನಗೆ ದಾಕ್ಷಿಣ್ಯ ಜಾಸ್ತಿ. ನಿಮ್ಮ ಕಾಲದಲ್ಲಿ ಅವರು ಕೊಡುವುದಕ್ಕೇ ಹೆದರುತ್ತಿದ್ದರು. ಕೊಟ್ಟದ್ದನ್ನೆಲ್ಲ ವಾಪಸು ಕಳಿಸುತ್ತೀರೆಂದು ಬೆನ್ನ ಹಿಂದೆ ನಿಮ್ಮನ್ನು ‘ವಾಪಸಕ್ಕ’ ಅನ್ನುತ್ತಿದ್ದುದು ನಿಮ್ಮ ಕಿವಿಗೆ ಬಿದ್ದಾಗ, ಪರವಾಗಿಲ್ಲ, ಚಿಕ್ಕ ಹೆಸರು, ನೆನಪಲ್ಲಿರುತ್ತೆ ಎಂದು ನೀವು ಕನ್ನಡಕ ಒರೆಸಿಕೊಂಡಿರಿ.

ನೀವು ಕೆಲಸ ಕಲಿಸಿದ ಪ್ರೂಫ್ ತಿದ್ದುವ ಮೇಡಂ ಹುಡುಕಾಟದ ಐದನೆಯ ದಿನ ಬಾಗಿಲಲ್ಲಿ ಬಂದು ನಿಂತರು.

“ಸಾರ್, ಒಂದು ಕಡತ ಇದೆ. ನೀವು ಬೈಯಲ್ಲ ಅಂದ್ರೆ ಹೇಳ್ತೀನಿ.”

ಯಾರದು ಎಂದೆ.

“ನಿಮ್ದೇ.”

ಹಳೆಯ ನಿಘಂಟುಗಳ ಮುನ್ನುಡಿಗಳ ಮೇಲೆ ನಾನು ಬರೆದಿದ್ದ ಆ ಮುನ್ನೂರು ಪುಟಗಳು ನಿಮಗೆ ನೆನಪಿರಬೇಕು. ನಿಮ್ಮ ಕೈಕೆಳಗೆ ಒಂಬತ್ತು ವರ್ಷ ದುಡಿದಿದ್ದೆ. ನೀವು ನನ್ನ ಪರವಾಗಿ ಒಂದು ಮಾತು ಆಡುತ್ತೀರೆಂದು ನಂಬಿದ್ದೆ. ಮಂಡಳಿಯ ಸಭೆಯ ದಿನ ಪ್ರೂಫ್ ಕೋಣೆಯ ಕಿಟಕಿಯಿಂದ ನೋಡುತ್ತಿದ್ದೆ. ಎಲ್ಲರೂ ಒಳಗಿರುವಾಗ ನೀವೊಬ್ಬರೇ ಹೊರಗೆ ಬಂದು, ಜಗುಲಿಯ ಬೆಂಚಿನ ಮೇಲೆ ಕೂತು ಕಿತ್ತಳೆ ಸುಲಿಯತೊಡಗಿದಿರಿ. ಕೆಲಸ ಮುಗಿಸಿ ಬಂದವರ ಹಾಗೆ ಕಂಡಿರಿ. ನನ್ನದನ್ನು ಮುಗಿಸಿಯೇ ಬಂದಿದ್ದೀರಿ ಎಂದುಕೊಂಡೆ. ಸಂಜೆ ಹಸ್ತಪ್ರತಿಯನ್ನು ನನ್ನ ಮೇಜಿನ ಮೇಲಿಟ್ಟು ನೀವು ಹೇಳಿದ್ದು ಇಷ್ಟೇ: “ಒಪ್ಲಿಲ್ಲ ಕಣೋ. ಬೇಜಾರಾಗಿದ್ರೆ ಎರಡು ದಿನ ರಜ ತಗೊ. ಆಮೇಲೆ ಬಾ, ಭೂಗೋಳದ ಪ್ರೂಫ್ ಕಾಯ್ತಾ ಇದೆ.”

ರಜ ತೆಗೆದುಕೊಳ್ಳಲಿಲ್ಲ. ಅದರ ಬದಲು ಐದು ವರ್ಷ ನಿಮ್ಮೊಡನೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದೆ. ನಿಮ್ಮ ಬೀಳ್ಕೊಡುಗೆಯ ದಿನ ಅಚ್ಚುಕೂಟದಲ್ಲಿ ಕೆಲಸವಿದೆಯೆಂದು ಹೋದೆ. ಕೆಲಸವಿರಲಿಲ್ಲ. ಅಲ್ಲಿ ಒಂದು ಕುರ್ಚಿಯ ಮೇಲೆ ಕೂತು ಯಂತ್ರ ಓಡುವುದನ್ನು ನೋಡಿ ಬಂದೆ.

ನಿಮ್ಮ ಜಾಗಕ್ಕೆ ಬಂದಾಗ ಬೀರುವಿನ ಕೀಲಿಯೂ ನನ್ನ ಕೈಗೆ ಬಂತು. ಆ ಕಡತ ಎಲ್ಲಿದೆಯೆಂದು ನನಗೆ ಗೊತ್ತಿತ್ತು. ತೆರೆಯಲಿಲ್ಲ. ಕೆಲವು ಸಿಟ್ಟುಗಳನ್ನು ನಾವು ಪರೀಕ್ಷೆಗೆ ಒಡ್ಡುವುದಿಲ್ಲ. ಕರಗಿಹೋದರೆ ನಮ್ಮಲ್ಲಿ ಉಳಿಯುವುದೇನು ಎಂಬ ಅಳುಕು.

ಈ ಸಲ ತೆರೆದೆ. ನಲವತ್ತೊಂದು ಹಾಳೆ, ಒಂದೂ ಕಳೆದಿಲ್ಲ. ಮೊದಲ ತಜ್ಞರು ಪ್ರಕಟಿಸಬಹುದು ಎಂದಿದ್ದರು. ಎರಡನೆಯವರು ಬೇಡವೆಂದು ಆರು ಪುಟ ಬರೆದಿದ್ದರು: ಮೂರನೆಯ ಅಧ್ಯಾಯದಲ್ಲಿ ಲೇಖಕರು ತೀರ್ಮಾನವನ್ನು ಮೊದಲೇ ಇಟ್ಟುಕೊಂಡು ಆಧಾರ ಹುಡುಕಲು ಹೊರಟಿದ್ದಾರೆ. ಅಲ್ಲಿಗೇ ಬಿಡಬಹುದಿತ್ತು. ನೀವು ಮೂರನೆಯವರಿಗೆ ಕಳಿಸಿದ್ದಿರಿ. ಜೊತೆಗೆ ನಿಮ್ಮ ಕೈಬರಹದ ಚೀಟಿ: “ಇವರು ನನ್ನ ಸಹೋದ್ಯೋಗಿ ಎಂಬುದು ನಿಮಗೆ ಗೊತ್ತು. ದಯವಿಟ್ಟು ನನ್ನ ಮುಖ ನೋಡಬೇಡಿ, ಪುಟ ನೋಡಿ.” ಅವರು ಪುಟ ನೋಡಿದರು. ಬೇಡವೆಂದರು. ಸಭೆಯ ನಡಾವಳಿಯಲ್ಲಿ ಒಂದು ಸಾಲಿದೆ: ಲೇಖಕರು ಆಪ್ತ ಸಹೋದ್ಯೋಗಿಯಾದ್ದರಿಂದ ಸಂಪಾದಕರು ಅಭಿಪ್ರಾಯ ಹೇಳದೆ, ಚರ್ಚೆ ಆರಂಭವಾಗುವ ಮೊದಲೇ ಹೊರಗೆ ಹೋದರು.

ಆಪ್ತ ಎಂಬ ಮಾತನ್ನು ನಡಾವಳಿಯಲ್ಲಿ ಯಾರೂ ಬರೆಯುವುದಿಲ್ಲ. ನೀವೇ ಬರೆಸಿರಬೇಕು.

ಆ ಮಧ್ಯಾಹ್ನ ಮೂರನೆಯ ಅಧ್ಯಾಯವನ್ನು ಮತ್ತೆ ಓದಿದೆ. ಎರಡನೆಯ ತಜ್ಞರು ಹೇಳಿದ್ದು ಸರಿ. ನಿಮ್ಮ ವಿಷಯದಲ್ಲಿ ನಾನು ಮಾಡಿದ್ದೂ ಅದೇ ತಪ್ಪು.

ಎರಡನೆಯವರ ಆರು ಪುಟ ಕಿತ್ತಿಟ್ಟು ಉಳಿದದ್ದನ್ನು ಕಳಿಸಬಹುದಲ್ಲ ಎಂದು ಮೇಡಂ ಮೆಲ್ಲಗೆ ಕೇಳಿದರು. ಕಿತ್ತರೆ ಅದು ಪೂರ್ತಿ ಕಡತವಲ್ಲ. ನಾನು ಸೋತದ್ದು ಕಾಣದಿದ್ದರೆ ನೀವು ಮಾಡಿದ್ದೂ ಕಾಣುವುದಿಲ್ಲ. ವಾಡಿಕೆಯಂತೆ ತಜ್ಞರ ಹೆಸರುಗಳನ್ನಷ್ಟೇ ಮುಚ್ಚಿ ನಲವತ್ತೊಂದೂ ಹಾಳೆ ಕಳಿಸಿದೆ. ನಾನು ಬಂದ ಮೇಲೆ ಇಂಥ ಕಡತ ಒಂದೂ ಇಲ್ಲವೆಂದು ಕೆಳಗೆ ಬರೆದು ಸಹಿ ಮಾಡಿದೆ.

ಹೋದ ವಾರ ಸಂಘದ ಉತ್ತರ ಬಂತು. ನಮ್ಮ ಅರ್ಜಿಯಲ್ಲಿ ಉಳಿದದ್ದೆಲ್ಲ ಸಾಧಾರಣ ಎಂದು ಸಂಕೋಚವಿಲ್ಲದೆ ಬರೆದಿದ್ದಾರೆ. ಹದಿನೇಳನೆಯ ಉತ್ತರವನ್ನು ನೋಡಿ ಸೇರಿಸಿಕೊಂಡಿದ್ದಾರಂತೆ. ಇನ್ನು ಮುಂದೆಯೂ ಹಾಗೆಯೇ ನಡೆಯಬೇಕು ಎಂಬುದು ಷರತ್ತು. ಹೊಸದಾಗಿ ಸೇರುವವರಿಗೆಲ್ಲ ಆ ಕಡತವನ್ನು ಮಾದರಿಯಾಗಿ ಕೊಡಲು ಅನುಮತಿ ಕೇಳಿದ್ದಾರೆ; ಬೇಕಾದರೆ ಲೇಖಕರ, ಸಂಪಾದಕರ ಹೆಸರನ್ನೂ ಮುಚ್ಚುತ್ತಾರಂತೆ.

ನನ್ನ ಹೆಸರು ಇರಲಿ ಎಂದು ಬರೆದಿದ್ದೇನೆ. ನಿಮ್ಮ ಹೆಸರಿನ ಬಗ್ಗೆ ಹೂಂ ಅನ್ನುವ ಅಧಿಕಾರ ನನಗಿಲ್ಲ. ಅದಕ್ಕೇ ಈ ಪತ್ರ. ಒಂದೇ ಸಾಲು ಸಾಕು, ಯಾವ ಕಡೆಗಾದರೂ ಸರಿ. ಈ ಸಲ ನಾನು ದಾಕ್ಷಿಣ್ಯಕ್ಕೆ ಕೇಳುತ್ತಿಲ್ಲ, ನೀವೂ ದಾಕ್ಷಿಣ್ಯಕ್ಕೆ ಒಪ್ಪಬೇಡಿ.

ಓದಬೇಕೆನಿಸಿದ್ದನ್ನೆಲ್ಲ ಓದಿ ಮುಗಿಸುವಷ್ಟು ಕಾಲ ನಿಮ್ಮ ಕಣ್ಣು ಚೆನ್ನಾಗಿರಲಿ.

ನೀವು ಆಪ್ತನೆಂದು ಬರೆಸಿದ,
ನಿಮ್ಮ ಸಹೋದ್ಯೋಗಿ