ಅಮ್ಮನ ಕ್ಯಾಲೆಂಡರಿನಲ್ಲಿ ನನ್ನ ಮುಟ್ಟು

ಏಪ್ರಿಲ್ ೧೭, ಗುರುವಾರ. ಇಪೋ, ಮಲೇಶಿಯಾ.

ರಂಜಾನಿನಲ್ಲಿ ಎರಡು ಸಲ ಮುಟ್ಟಾಯಿತು. ಗಮನ ನಿಲ್ಲಲು ನುಂಗುವ ಎಡಿಎಚ್‌ಡಿ ಮಾತ್ರೆಯೇ ಕಾರಣ, ಬಿಟ್ಟುಬಿಡು ಎಂದು ಗಂಡ ಶುಕ್ರಿ ಹಟ ಹಿಡಿದಿದ್ದಾನೆ. ಬಿಟ್ಟರೆ ಮತ್ತೆ ಒಲೆಯ ಮೇಲೆ ಅನ್ನವಿಟ್ಟು ಮರೆಯುವವಳೇ ನಾನು.

"ಎರಡನೇ ಸಲ ಯಾವತ್ತು ಶುರುವಾಯ್ತು?" ಎಂದು ಇವತ್ತು ಕ್ಲಿನಿಕ್ಕಿನಲ್ಲಿ ಡಾಕ್ಟರ್ ಕೇಳಿದರು. ನೆನಪಿದ್ದಿದ್ದರೆ ಆ ಮಾತ್ರೆಯಾದರೂ ಏಕೆ ಬೇಕಿತ್ತು? ಅಲ್ಲೇ ಕೂತು ಅಮ್ಮನಿಗೆ ಫೋನ್ ಮಾಡಿದೆ. ಮುಟ್ಟಾಗಿ ಬಿಟ್ಟ ಉಪವಾಸಗಳನ್ನು ಆಮೇಲೆ ತೀರಿಸಬೇಕಲ್ಲ, ಹೆಣ್ಣುಮಕ್ಕಳೆಲ್ಲರ ಲೆಕ್ಕ ಅವಳ ಅಡುಗೆಮನೆಯ ಕ್ಯಾಲೆಂಡರಿನಲ್ಲಿರುತ್ತದೆ.

"ಹದಿನೆಂಟನೇ ಉಪವಾಸದ ದಿನ," ಎಂದಳು.

ಉಪವಾಸ ಎಂದೊಡನೆ ಹೊಳೆಯಿತು. ಗರ್ಭನಿರೋಧಕ ಗುಳಿಗೆಯನ್ನು ನಾನು ಬೆಳಗಿನ ತಿಂಡಿಯ ಜೊತೆ ನುಂಗುವುದು. ರಂಜಾನಿನಲ್ಲಿ ತಿಂಡಿಯಿಲ್ಲ, ಗುಳಿಗೆಯೂ ಎಷ್ಟೋ ದಿನ ತಪ್ಪಿತ್ತು. ಡಾಕ್ಟರಿಗೆ ಹೇಳಿದೆ.

"ಗುಳಿಗೆ ತಪ್ಪಿದ್ರೆ ಹೀಗಾಗೋದು ಮಾಮೂಲು," ಎಂದರು. "ಆ ಇನ್ನೊಂದು ಮಾತ್ರೆಯಿಂದ್ಲೂ ಮುಟ್ಟು ಏರುಪೇರಾಗತ್ತಾ ಅಂದ್ರೆ, ಖಚಿತವಾಗಿ ಹೇಳೋವಷ್ಟು ಅಧ್ಯಯನ ಆಗಿಲ್ಲ. ಸದ್ಯ ಬಿಡೋದು ಬೇಡ."

ಪರೀಕ್ಷೆಯೂ ಆಯಿತು. ಬಸುರಿಲ್ಲ. ಹೊರಗೆ ಬಂದು ನೋಡಿದರೆ ಫೋನ್ ಕಟ್ ಮಾಡಿರಲೇ ಇಲ್ಲ. ಮೊಮ್ಮಗು ಬೇಕೆಂದು ಮೂರು ವರ್ಷದಿಂದ ದುವಾ ಮಾಡುತ್ತಿರುವ ಅಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಗುಳಿಗೆಯ ವಿಷಯ ಅವಳಿಗೆ ಗೊತ್ತೇ ಇರಲಿಲ್ಲ. ನಾನು ಅಮ್ಮಾ ಎನ್ನುವಷ್ಟರಲ್ಲಿ ಅವಳೇ ಫೋನ್ ಇಟ್ಟಳು.

ಸಂಜೆ ಮತ್ತೆ ಮಾಡಿದಳು. "ಆ ಗುಳಿಗೆ ಎಷ್ಟೊತ್ತಿಗೆ?"

"ಏಳು ಗಂಟೆಗಮ್ಮ."

"ದಿನಾ ಏಳಕ್ಕೆ ನಾನೇ ಫೋನ್ ಮಾಡ್ತೀನಿ. ನನ್ನ ದುವಾ ನಾನು ಬಿಡಲ್ಲ. ಗುಳಿಗೆ ಬಿಡೋದಾದ್ರೆ ನೀನಾಗೇ ಬಿಡು. ಮರೆತು ಬಿಡಬೇಡ."